ನಮ್ಮ ಪುಸ್ತಕಕ್ಕೆ ಮಾನ್ಯತೆ ಇಲ್ಲವಂತೆ

ನಮ್ಮೂರಿನ ಕಡಲ ದಂಡೆಗೆ ವರ್ಷದಲ್ಲಿ ಒಂದು ದಿನ ಬಹಳ ಮರ್ಯಾದೆ. ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರ, ಕರಾವಳಿ ಸ್ವಚ್ಛತಾ ದಿನ. ಅಂದು ಬ್ಯಾನರು, ಬಿಳಿ ಟೋಪಿ, ಕೈಗವಸು, ಉಪ್ಪಿಟ್ಟು, ಫೋಟೋ ಎಲ್ಲ ಇರುತ್ತವೆ. ಭಾಷಣ ಮಾಡುವವರು ನಮ್ಮನ್ನು 'ಕಡಲಿನ ಕಾವಲುಗಾರರು' ಎನ್ನುತ್ತಾರೆ. ಮೀನು ಮಾರುವ ಹೆಂಗಸರ ತಲೆಯ ಮೇಲೂ ಟೋಪಿ ಇಡುತ್ತಾರೆ. (ಬುಟ್ಟಿ ಹೊರುವ ತಲೆಯಲ್ಲಿ ಆ ಟೋಪಿ ನಿಲ್ಲುವುದಿಲ್ಲ, ಅದು ಬೇರೆ ಮಾತು.) ನನ್ನ ಬಳಿಯೂ ಅಂಥ ಮೂರು ಟೋಪಿಗಳಿವೆ. ಕಳೆದ ಸಲ ನಾಲ್ಕನೆಯದನ್ನು ಬೇಡವೆಂದೆ. ಯಾಕೆ ಬೇಡವೆಂದೆ ಎಂದು ಹೇಳದೆ ಸುಮ್ಮನಿದ್ದರೆ ಟೀಚರಿಗೆ ಸೊಕ್ಕು ಎಂದಾಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಆರು ವರ್ಷಗಳಿಂದ ನಾವು ಕೆಲವರು ಒಂದು ಪುಸ್ತಕ ಇಟ್ಟಿದ್ದೇವೆ. ನಾನು, ಶಾಲೆಯ ಇಕೋ ಕ್ಲಬ್ಬಿನ ಮಕ್ಕಳು, ಮೀನು ಮಾರುವ ಮೂವರು ಹೆಂಗಸರು ಮತ್ತು ರಂಪಣಿ ಬಲೆಯ ಕಾಲದಲ್ಲಿ ಹಗ್ಗ ಎಳೆದ ಒಬ್ಬ ಅಜ್ಜ. ಇನ್ನೂರು ಪುಟದ ಉದ್ದ ನೋಟ್ ಪುಸ್ತಕ, ಈಗ ಮೂರನೆಯದು ನಡೆಯುತ್ತಿದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರಿಳಿದ ಹೊತ್ತಿಗೆ ದಂಡೆಯ ಅಗಲ ಮತ್ತು ಇಳಿಜಾರನ್ನು ಬರೆಯುತ್ತೇವೆ. ವಾರಕ್ಕೆರಡು ದಿನ ಬಂದರಿಗೆ ಬಂದ ಮೀನಿನ ಅಳತೆ ಬರೆಯುತ್ತೇವೆ.

ದಂಡೆ ಅಳೆಯುವುದಕ್ಕೆ ಯಂತ್ರ ಬೇಡವೇ ಎಂದು ಕೇಳುವವರಿದ್ದಾರೆ. ಬೇಡ. ಎಮೆರಿ ಎಂಬ ಅಮೆರಿಕದ ಕಡಲ ವಿಜ್ಞಾನಿ 1961ರಲ್ಲಿಯೇ ಒಂದು ಸುಲಭ ವಿಧಾನವನ್ನು ಪ್ರಕಟಿಸಿದ. ಸಮ ಎತ್ತರದ ಎರಡು ಕೋಲು, ಅವುಗಳ ಮೇಲೆ ಅಳತೆಯ ಗೆರೆ, ನಡುವೆ ಗೊತ್ತಾದ ಉದ್ದದ ಹಗ್ಗ. ಒಬ್ಬರು ಕಡಲ ಕಡೆಗೆ ನಿಲ್ಲಬೇಕು, ಇನ್ನೊಬ್ಬರು ಹಿಂದೆ. ಹಿಂದಿನವರು ಮುಂದಿನ ಕೋಲಿನ ತುದಿಯನ್ನೂ ದೂರದ ಬಾನಂಚನ್ನೂ ಒಂದೇ ಗೆರೆಗೆ ತಂದು ನೋಡಿದಾಗ ಆ ಗೆರೆ ತಮ್ಮ ಕೋಲನ್ನು ತುದಿಯಿಂದ ಎಷ್ಟು ಕೆಳಗೆ ಮುಟ್ಟುತ್ತದೋ ಅಷ್ಟು ಇಳಿಜಾರು. ಎಂಟನೆಯ ತರಗತಿಯ ಮಕ್ಕಳು ಇದನ್ನು ಆಟದಂತೆ ಮಾಡುತ್ತಾರೆ. ಅಮೆರಿಕದ ಮೇನ್ ರಾಜ್ಯದಲ್ಲಿ 1999ರಿಂದ ಊರಿನ ಜನರು ಇದೇ ಬಗೆಯಲ್ಲಿ ದಂಡೆಗಳನ್ನು ಅಳೆಯತೊಡಗಿದರು. ಅಲ್ಲಿನ ಸರಕಾರಿ ಭೂವಿಜ್ಞಾನಿಗಳು ಆ ಲೆಕ್ಕವನ್ನು ತಮ್ಮ ವರದಿಗಳಲ್ಲಿ ಬಳಸಿದ್ದಾರೆ.

ತಿಂಗಳು ತಿಂಗಳು ಅಳೆಯುವುದು ಯಾಕೆ? ಅಜ್ಜನಿಗೆ ಇದು ಅಳೆಯದೆಯೇ ಗೊತ್ತು. "ಮಳ್ಗಾಲ್ದಲ್ಲಿ ಕಡ್ಲ್ ತಕಂಡ್ ಹೋತ್ತ್, ಆಮೇಲ್ ತಂದ್ ಕೊಡತ್ತ್" ಎನ್ನುತ್ತಾನೆ. ಮಳೆಗಾಲದ ಕಡಿದಾದ ತೆರೆಗಳು ದಂಡೆಯ ಮರಳನ್ನು ಎಳೆದೊಯ್ದು ಸ್ವಲ್ಪ ದೂರದಲ್ಲಿ ನೀರಿನಡಿಯ ದಿಬ್ಬವಾಗಿ ಇಡುತ್ತವೆ. ಕಡಲು ಶಾಂತವಾದ ಮೇಲೆ ಉದ್ದನೆಯ ತೆರೆಗಳು ಅದನ್ನೇ ಮೆಲ್ಲಗೆ ದಡಕ್ಕೆ ತಂದು ಹಾಕುತ್ತವೆ. ಜುಲೈಯಲ್ಲಿ ಬಂದು ನೋಡಿದವನಿಗೆ ಊರೇ ಮುಳುಗುತ್ತದೆ ಎನಿಸುತ್ತದೆ, ಫೆಬ್ರವರಿಯಲ್ಲಿ ಬಂದವನಿಗೆ ಏನೂ ಆಗಿಲ್ಲ ಎನಿಸುತ್ತದೆ. ಹೋದ ಮರಳೆಲ್ಲ ಮರಳಿತೇ, ಅರ್ಧವೇ ಮರಳಿತೇ ಎಂಬುದು ವರ್ಷವಿಡೀ ನೋಡಿದವರಿಗೆ ಮಾತ್ರ ಗೊತ್ತು. ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದವರು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ದೇಶದ ಕರಾವಳಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊರೆಯುತ್ತಿದೆ, ಕರ್ನಾಟಕದಲ್ಲಿ ಸುಮಾರು ಕಾಲು ಭಾಗ ಎಂದಿದ್ದಾರೆ. ದೊಡ್ಡ ಕೆಲಸ, ನಾನು ಕೈಮುಗಿಯುತ್ತೇನೆ. ಆದರೆ ಯಾರ ಮನೆಯ ಹಿತ್ತಿಲಲ್ಲಿ ಯಾವ ತಿಂಗಳು ಎಷ್ಟು ಹೋಯಿತು ಎಂಬುದನ್ನು ಉಪಗ್ರಹ ಬಂದು ಹೇಳುವುದಿಲ್ಲ.

ನಮ್ಮಲ್ಲಿ ಬರುವವರು ಬರುವುದು ಜುಲೈಯಲ್ಲಿಯೇ. ಒಂದು ತೆಂಗಿನಮರ ಬೀಳಬೇಕು, ಟಿ.ವಿ.ಯವರು ಬರಬೇಕು, ಮರುದಿನ ಕಲ್ಲಿನ ಲಾರಿ. ಕರಾವಳಿಯ ಉದ್ದಕ್ಕೂ ಈ ಕಲ್ಲಿನ ರಾಶಿಗಳನ್ನು ನೀವು ನೋಡಿರಬಹುದು. ಕಲ್ಲಿಗೆ ಬಡಿದ ತೆರೆ ಸುಮ್ಮನೆ ಹಿಂದೆ ಹೋಗುವುದಿಲ್ಲ, ಎದುರಿನ ಮರಳನ್ನೂ ಕೆದಕಿಕೊಂಡು ಹೋಗುತ್ತದೆ. ಮರಳಿ ಬರುವ ಮರಳಿಗೆ ಕೂರಲು ಜಾಗವಿರುವುದಿಲ್ಲ. ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಆಚೆಯವನ ಹಿತ್ತಿಲು ಕೊರೆಯತೊಡಗುತ್ತದೆ. ಅವನೂ ಅರ್ಜಿ ಕೊಡುತ್ತಾನೆ, ಗೋಡೆ ಇನ್ನಷ್ಟು ಉದ್ದವಾಗುತ್ತದೆ. ಕಲ್ಲು ಎಲ್ಲಿಯೂ ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. ಮನೆಯ ಹೊಸ್ತಿಲಿಗೆ ನೀರು ಬಂದವನಿಗೆ ಹೋಗಿ ಉಪದೇಶ ಮಾಡಲಾಗುವುದಿಲ್ಲ. ಆದರೆ ನಮ್ಮ ದಂಡೆಯ ಉತ್ತರದ ತುದಿಯಲ್ಲಿ ಪ್ರತಿ ವರ್ಷವೂ ಮರಳು ಮರಳಿ ಬರುತ್ತದೆ ಎಂದು ಪುಸ್ತಕ ಹೇಳುತ್ತಿತ್ತು. ಅಲ್ಲಿಯೂ ಕಲ್ಲು ಸುರಿಯುತ್ತೇವೆ ಎಂದಾಗ ಪುಸ್ತಕ ಹಿಡಿದುಕೊಂಡು ಹೋದೆವು.

ಯಾವ ಕಚೇರಿ ಎಂದು ಹೇಳುವುದಿಲ್ಲ. ಟೋಪಿ ಹಂಚುವಾಗ ಆ ಕಚೇರಿಯವರೂ ಬಂದಿದ್ದರು ಎಂದಷ್ಟೇ ಹೇಳುತ್ತೇನೆ. ಅಧಿಕಾರಿಗಳು ಒಳ್ಳೆಯವರೇ, ಚಾ ತರಿಸಿದರು. ನಾಲ್ಕು ಪುಟ ಮಗುಚಿ, "ಟೀಚರ್, ಶ್ರಮ ಮೆಚ್ಚಬೇಕು. ಆದರೆ ಇದಕ್ಕೆ ಮಾನ್ಯತೆ ಇಲ್ಲ. ನೀವು ಸ್ವಯಂಸೇವಕರು ನೋಡಿ" ಎಂದರು. ನನ್ನ ಜೊತೆ ಬಂದಿದ್ದ ಮೀನು ಮಾರುವ ಹೆಂಗಸು ಅಂದು ಪೇಟೆಯ ವ್ಯಾಪಾರ ಬಿಟ್ಟು ಬಂದಿದ್ದಳು. ಅವಳೇ ಬಾಯಿ ಬಿಟ್ಟಳು: "ಕಸ ಹೆಕ್ಕುಕೆ ನಾವ್ ಆತ್ತಾ ಸ್ವಾಮಿ, ಲೆಕ್ಕ ಹೇಳುಕೆ ಆತ್ತಿಲ್ಯಾ?"

ನಾನು ಈ ಲೇಖನದಲ್ಲಿ ಕೇಳುವುದೂ ಅಷ್ಟೇ. ದಂಡೆಗೆ ಬಂದು ಹೋಗುವುದಕ್ಕೆ ಅಧಿಕಾರಿಗೆ ಭತ್ಯೆ ಇದೆ. ಅಳೆಯುವ ದಿನ ಈ ಹೆಂಗಸಿಗೆ ಅರ್ಧ ಬುಟ್ಟಿ ಮೀನು ಮಾರದೆ ಉಳಿಯುತ್ತದೆ. 'ಸೇವೆ' ಎಂಬ ಒಳ್ಳೆಯ ಶಬ್ದವನ್ನು ನಾವು ಅವಳ ಕೂಲಿ ತಪ್ಪಿಸುವುದಕ್ಕೂ ಅವಳ ಮಾತು ತೆಗೆದುಹಾಕುವುದಕ್ಕೂ ಬಳಸುತ್ತಿದ್ದೇವೆ. ಕಾನೂನು ನಮ್ಮ ಕಡೆ ಇಲ್ಲವೇ? ಇದೆ. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಗಳಲ್ಲಿ ಸ್ಥಳೀಯ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಕನಿಷ್ಠ ಮೂವರು, ಮೀನುಗಾರರೂ ಸೇರಿ, ಇರಬೇಕು ಎಂದಿತು. ನಿಮ್ಮ ಜಿಲ್ಲೆಯ ಆ ಮೂವರು ಯಾರು ಎಂದು ಓದುಗರು ಒಮ್ಮೆ ವಿಚಾರಿಸಿ ನೋಡಿ. ನಮ್ಮ ದಂಡೆಯಲ್ಲಿ ಕೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

ಇಲ್ಲಿಯವರೆಗೆ ಹೇಳಿ ನಿಲ್ಲಿಸಿದ್ದರೆ ಚಪ್ಪಾಳೆ ಸಿಗುತ್ತಿತ್ತೇನೋ. ಆದರೆ ಅಧಿಕಾರಿಗಳು ಪುಟ ಮಗುಚುತ್ತಾ ಒಂದು ಕಡೆ ನಿಂತರು. "ಇಲ್ಲಿ ಯಾಕೆ ಖಾಲಿ?" ಎಂದು ಕೇಳಿದರು. ನನ್ನ ಗಂಟಲು ಒಣಗಿತು.

ಅದು ಮೀನಿನ ಪುಟ. ಬಂಗುಡೆ, ಬೂತಾಯಿ ಅಳೆಯುವುದಕ್ಕೆ ಮಕ್ಕಳ ಕಂಪಾಸು ಪೆಟ್ಟಿಗೆಯ 15 ಸೆಂಟಿಮೀಟರಿನ ಸ್ಕೇಲು ಸಾಕು. ಕೇರಳ ಸರಕಾರ 2015ರಲ್ಲಿ ಬೂತಾಯಿಗೆ 10, ಬಂಗುಡೆಗೆ 14 ಸೆಂಟಿಮೀಟರು, ಅದಕ್ಕಿಂತ ಸಣ್ಣದನ್ನು ಹಿಡಿಯಬಾರದು ಎಂದು ಗೊತ್ತುಮಾಡಿತು. ಅಲ್ಲಿ ಆದದ್ದನ್ನು ನಾವು ನೋಡಿದ್ದೇವಲ್ಲ. 2012ರಲ್ಲಿ ಕೇರಳದಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಬಂದ ಬೂತಾಯಿ 2021ರಲ್ಲಿ ಬರೀ ಮೂರು ಸಾವಿರ ಚಿಲ್ಲರೆ ಟನ್ನಿಗೆ ಇಳಿಯಿತು. ಮರಿಮೀನಿನ ಬೇಟೆ ಒಂದೇ ಕಾರಣವಲ್ಲ, ಎಲ್ ನಿನೋದಂಥ ಕಡಲಿನ ಏರುಪೇರೂ ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ಕಡಲಿನ ಬಿಸಿ ನಮ್ಮ ಕೈಯಲ್ಲಿಲ್ಲ, ಬಲೆಯ ಕಣ್ಣು ಇದೆ.

ಒಂದು ಆಗಸ್ಟ್ ತಿಂಗಳು, ಎರಡು ತಿಂಗಳ ರಜೆ ಮುಗಿಸಿ ಬೋಟುಗಳು ಕಡಲಿಗಿಳಿದ ಹೊಸತು. ಬೆರಳುದ್ದದ ಬಂಗುಡೆ ಮರಿಗಳು ರಾಶಿ ರಾಶಿ ಬಂದವು. ಮೀನುಹುಡಿ ಕಾರ್ಖಾನೆಯ ಲಾರಿ ಕಾಯುತ್ತಿತ್ತು. ನನ್ನ ಒಂಬತ್ತನೆಯ ತರಗತಿಯ ಹುಡುಗಿ ಸ್ಕೇಲು ಹಿಡಿದು ಐವತ್ತು ಮೀನು ಅಳೆದು ತಂದಳು. ಒಂದೂ 14 ಮುಟ್ಟಿರಲಿಲ್ಲ. ಆ ಬೋಟಿನಲ್ಲಿ ಅವಳ ಅಣ್ಣನದೂ ಒಂದು ಪಾಲು. ಮನೆಯಲ್ಲಿ ರಂಪವಾಗಬಹುದು, ಊರಲ್ಲಿ ಶಾಲೆಗೆ ಕೆಟ್ಟ ಹೆಸರು ಬರಬಹುದು ಎಂದು ನಾನೇ ಹೇಳಿದೆ: "ಇದೊಂದು ದಿನದ್ದು ಬಿಡು ಮಗಾ." ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ತಾರೀಕು ಮಾತ್ರ ಬರೆದು ಕೆಳಗೆ ಖಾಲಿ ಬಿಟ್ಟಳು. ಅಳಿಸಬಹುದಿತ್ತು, ಅಳಿಸಲಿಲ್ಲ. ಬೆಳಕು ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಅದರ ಮೇಲೂ ರಾತ್ರಿ ಕಡಲಿನಲ್ಲಿ ಪೇಟೆ ಕಂಡ ಹಾಗೆ ಬೆಳಕು ಕಂಡ ದಿನಗಳು ನಮ್ಮ ಪುಸ್ತಕದಲ್ಲಿ ಎಷ್ಟಿವೆ ಎಂದರೆ, ಒಂದೂ ಇಲ್ಲ. ಕಂಡದ್ದು ಎಲ್ಲರೂ, ಬರೆದವರು ಯಾರೂ ಇಲ್ಲ. ಎಲ್ಲರ ಮನೆಯಲ್ಲೂ ಒಬ್ಬ ಅಣ್ಣ ಇದ್ದಾನೆ.

ಹಾಗಾದರೆ ಮಾನ್ಯತೆ ಇಲ್ಲ ಎಂದವರು ಸರಿಯೇ? ಅಲ್ಲ. ಮಕ್ಕಳು ನಕಲು ಮಾಡುತ್ತಾರೆಂದು ನಾವು ಪರೀಕ್ಷೆಯನ್ನೇ ನಿಲ್ಲಿಸಿದ್ದೇವೆಯೇ? ಮೇಲ್ವಿಚಾರಕರನ್ನು ಇಟ್ಟಿದ್ದೇವೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಬಂದರುಗಳಲ್ಲಿ ಮಾದರಿ ತೆಗೆದು ದೇಶದ ಮೀನಿನ ಲೆಕ್ಕ ಕಟ್ಟುತ್ತಾರೆ. ಅಂಥವರು ವರ್ಷಕ್ಕೆ ನಾಲ್ಕು ಸಲ ನಮ್ಮ ಪಕ್ಕದಲ್ಲಿ ನಿಂತು ಅಳೆದು ಎರಡು ಪುಸ್ತಕಗಳನ್ನು ಹೋಲಿಸಲಿ. ನಮ್ಮದು ಸುಳ್ಳಾದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಲಿ. ನಾನು ಮೂವತ್ತು ವರ್ಷ ಮಕ್ಕಳ ಪುಸ್ತಕಕ್ಕೆ ಎಳೆದವಳು, ನನ್ನ ಪುಸ್ತಕಕ್ಕೆ ಬಿದ್ದರೆ ಸಿಟ್ಟಾಗುವುದಿಲ್ಲ. ಓದದೆ ಬದಿಗಿಟ್ಟರೆ ಮಾತ್ರ ಸಿಟ್ಟು. ಯಾರೂ ಓದದ ಪುಸ್ತಕದಲ್ಲಿ ಸತ್ಯ ಬರೆದು ಅಣ್ಣನ ಹತ್ತಿರ ಜಗಳ ಕಟ್ಟಿಕೊಳ್ಳುವುದಕ್ಕೆ ಒಂಬತ್ತನೆಯ ತರಗತಿಯ ಹುಡುಗಿಗೆ ಹೇಗೆ ಹೇಳಲಿ?

ಉತ್ತರದ ತುದಿಗೆ ಕಲ್ಲು ಬಿತ್ತು. ಅಳತೆಗೆ ಗುರುತು ಮಾಡಿಕೊಂಡಿದ್ದ ತೆಂಗಿನಮರದ ಬುಡ, ಬಿಳಿ ಬಣ್ಣದ ಪಟ್ಟಿಯ ಸಮೇತ, ಕಲ್ಲಿನಡಿ ಹೋಯಿತು. ಈಗ ಅಲ್ಲಿಗೆ ಹತ್ತಿರದ ಬಾವಿಕಟ್ಟೆಯಿಂದ ಅಳೆಯುತ್ತೇವೆ. ಆ ಹುಡುಗಿ ಪಿ.ಯು.ಸಿ.ಗೆ ಹೋಗುತ್ತಿದ್ದಾಳೆ, ರಜೆಯ ದಿನ ಈಗಲೂ ಬರುತ್ತಾಳೆ. ಹೋದ ತಿಂಗಳು ಆ ಖಾಲಿ ಪುಟ ತೆಗೆದು ಅವಳ ಮುಂದಿಟ್ಟು, ಅಂದಿನ ಅಳತೆ ನೆನಪಿದೆಯೇ ಎಂದು ಕೇಳಿದೆ. ಅವಳು ಬ್ಯಾಗಿನಿಂದ ಹಳೆಯ ಗಣಿತದ ನೋಟ್ಸು ತೆಗೆದಳು. ಹಿಂದಿನ ಪುಟದಲ್ಲಿ ಐವತ್ತು ಸಂಖ್ಯೆಗಳೂ ಇದ್ದವು.