ಪಾಲಿಕೆ ಯಾರಿಗೆ ಉತ್ತರ ಹೇಳಬೇಕು?

2026ರ ಜನವರಿ 15ರಂದು ಮಹಾರಾಷ್ಟ್ರದ 29 ಮಹಾನಗರಪಾಲಿಕೆಗಳಿಗೆ ಚುನಾವಣೆ ನಡೆದು, ಮರುದಿನ ಮತಗಳ ಎಣಿಕೆಯೂ ಮುಗಿಯಿತು. ಅವುಗಳಲ್ಲಿ ಠಾಣೆ, ಕಲ್ಯಾಣ-ಡೊಂಬಿವಲಿ ಮತ್ತು ನವಿ ಮುಂಬಯಿ ಪಾಲಿಕೆಗಳು ನಮ್ಮ ವಾಚಕರಲ್ಲಿ ಬಹುಮಂದಿಯ ನಿತ್ಯಜೀವನಕ್ಕೆ ಸಂಬಂಧಪಟ್ಟವು. ಹೋಟೆಲಿನ ನಲ್ಲಿಗೆ ನೀರು ಬರುವುದು, ಹಿಂದಿನ ಮೋರಿಯ ಕೊಳೆ ಹರಿದುಹೋಗುವುದು, ಚಾಳಿನ ಮುಂದಿನ ಕಸ ಎತ್ತಿಸುವುದು, ಮಕ್ಕಳಿಗೆ ಚುಚ್ಚುಮದ್ದು ಸಿಗುವುದು, ಕೊನೆಗೆ ಹುಟ್ಟು ಸಾವುಗಳ ದಾಖಲೆಯಾಗುವುದು, ಎಲ್ಲಕ್ಕೂ ಪಾಲಿಕೆಯೇ ಬೇಕು. ಯಾರು ಗೆದ್ದರು, ಯಾರು ಸೋತರು ಎಂಬ ಚರ್ಚೆ ಸಾಕಷ್ಟು ನಡೆದಿದೆ. ಆ ವಿಷಯಕ್ಕೆ ನಾವು ಕೈಹಾಕುವುದಿಲ್ಲ. ಆದರೆ ಚುನಾವಣೆಯ ದಿನಗಳಲ್ಲಿ ನಮ್ಮವರ ಬಾಯಲ್ಲಿ ಪದೇಪದೇ ಕೇಳಿಬರುವ ಒಂದು ಮಾತನ್ನು ಇಲ್ಲಿ ಪರಿಶೀಲಿಸಬೇಕೆಂದು ನಮಗೆ ತೋರಿದೆ.

“ಚೀನದಲ್ಲಿ ನೋಡಿ ಸ್ವಾಮಿ, ಇಂಥ ಗಲಾಟೆಯೇ ಇಲ್ಲ. ಮೇಲಿನಿಂದ ಅಪ್ಪಣೆಯಾಯಿತೆಂದರೆ ಸೇತುವೆ ಎದ್ದು ನಿಲ್ಲುತ್ತದೆ. ನಮ್ಮಲ್ಲಿ ನಗರಸೇವಕರು ನೂರಕ್ಕೂ ಹೆಚ್ಚು. ರಸ್ತೆಯ ಹೊಂಡ ಮಾತ್ರ ಇದ್ದಲ್ಲಿಯೇ ಇದೆ.” ಡೊಂಬಿವಲಿಯ ಲೋಕಲ್ ಗಾಡಿಯಲ್ಲಿ ನೇತಾಡುತ್ತ ಕಚೇರಿಗೆ ಹೋಗುವ ಗುಮಾಸ್ತರೂ, ಮಧ್ಯಾಹ್ನದ ಗಿರಾಕಿ ಇಳಿದ ಮೇಲೆ ಗಲ್ಲಾಪೆಟ್ಟಿಗೆಯ ಬಳಿ ನಿಂತು ಮಾತನಾಡುವ ಹೋಟೆಲಿನ ಬಂಧುಗಳೂ ಹೀಗೆನ್ನುವುದುಂಟು. ಇದು ಬೇಸತ್ತವರ ಮಾತು, ನಕ್ಕು ತಳ್ಳಿಹಾಕುವಂಥದಲ್ಲ. ಕಮ್ಯುನಿಸ್ಟ್ ರಾಜ್ಯದ ಸ್ಥಳೀಯ ಆಡಳಿತ ಹೇಗೆ ನಡೆಯುತ್ತದೆ, ಸಂಯುಕ್ತ ಪ್ರಜಾರಾಜ್ಯವಾದ ನಮ್ಮಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಪಕ್ಷಪಾತವಿಲ್ಲದೆ ತೂಗಿ ನೋಡುವುದು ಒಳ್ಳೆಯದು.

ಮೊದಲು ಚೀನದ ಗುಣವನ್ನೇ ಹೇಳೋಣ. ಅಲ್ಲಿ ಪ್ರಾಂತ, ನಗರ, ಜಿಲ್ಲೆ, ಪಟ್ಟಣ ಎಂಬ ಮೆಟ್ಟಿಲುಗಳಿದ್ದು, ಒಂದೊಂದರಲ್ಲಿಯೂ ಜನಪ್ರತಿನಿಧಿ ಸಭೆಯಿದೆ. ಕೆಳಗಿನ ಎರಡು ಮೆಟ್ಟಿಲುಗಳ ಸಭೆಗಳಿಗೆ ಜನರೇ ನೇರವಾಗಿ ಮತ ಹಾಕುತ್ತಾರೆ. ಅವುಗಳ ಮೇಲಿನ ಸಭೆಗಳನ್ನು ಕೆಳಗಿನ ಸಭೆಗಳು ಆರಿಸುತ್ತವೆ. ದೇಶದ ಸರಕಾರಿ ವೆಚ್ಚದಲ್ಲಿ ನೂರಕ್ಕೆ ಸುಮಾರು 85 ಪಾಲು ಕೇಂದ್ರಕ್ಕಿಂತ ಕೆಳಗಿನ ಸರಕಾರಗಳ ಕೈಯಿಂದಲೇ ಆಗುತ್ತದೆ. ಶಾಲೆ, ಆಸ್ಪತ್ರೆ, ರಸ್ತೆ, ನೀರು ಎಲ್ಲವೂ ಅವುಗಳ ಹೊಣೆ. ಕೆಲಸ ಮಾಡಿ ತೋರಿಸಿದ ಅಧಿಕಾರಿಗೆ ಬಡ್ತಿ. ತೋರಿಸದವನಿಗೆ ಅಲ್ಲಿಗೇ ನಿಲುಗಡೆ. ಬೀಜಿಂಗ್ ನಗರದಲ್ಲಿ 2019ರಿಂದ 12345 ಎಂಬ ದೂರವಾಣಿಗೆ ಬಂದ ದೂರುಗಳನ್ನು ಎಷ್ಟು ಬೇಗ, ಎಷ್ಟರಮಟ್ಟಿಗೆ ಪರಿಹರಿಸಿದರೆಂದು ಲೆಕ್ಕವಿಟ್ಟು, ಬಡಾವಣೆಗಳ ಅಧಿಕಾರಿಗಳನ್ನು ಶಾಲೆಯ ಮಕ್ಕಳಂತೆ ಕ್ರಮಾಂಕದಲ್ಲಿ ನಿಲ್ಲಿಸುತ್ತಾರೆ. ನಮ್ಮ ಪಾಲಿಕೆಯ ಕಚೇರಿಯಲ್ಲಿ ಒಂದು ಅರ್ಜಿಯ ಹಿಂದೆ ಅಲೆದವರಿಗೆ ಇದು ಸ್ವರ್ಗವೆಂದೇ ತೋರೀತು.

ಆದರೆ ಆ ಸಭೆಗಳ ಪಕ್ಕದಲ್ಲಿ ಇನ್ನೊಂದು ಕುರ್ಚಿಯಿದೆ. ಅದು ಪಕ್ಷದ ಕಾರ್ಯದರ್ಶಿಯದು. ಕಾಗದದ ಮೇಲೆ ಮೇಯರನ್ನು ಆರಿಸುವುದು ಜನಪ್ರತಿನಿಧಿ ಸಭೆ. ನಿಜವಾಗಿ ಹೆಸರನ್ನು ಗೊತ್ತುಮಾಡುವುದು ಮೇಲಿನ ಪಕ್ಷಸಮಿತಿ. ನಗರದ ಮೊದಲ ಮನುಷ್ಯ ಕಾರ್ಯದರ್ಶಿ, ಮೇಯರು ಎರಡನೆಯವನು. 1987ರಲ್ಲಿ ಪ್ರಾಯೋಗಿಕವಾಗಿ, 1998ರಲ್ಲಿ ಸ್ಥಿರವಾಗಿ ಕಾನೂನು ಮಾಡಿ ಹಳ್ಳಿಗಳಲ್ಲಿ ಗ್ರಾಮಸಮಿತಿಗಳನ್ನು ಜನರೇ ಆರಿಸುವಂತೆ ಏರ್ಪಡಿಸಿದ್ದು ಒಳ್ಳೆಯ ಆರಂಭವಾಗಿತ್ತು. ಈಚಿನ ವರ್ಷಗಳಲ್ಲಿ ಹಳ್ಳಿಯ ಪಕ್ಷ ಕಾರ್ಯದರ್ಶಿಯೇ ಸಮಿತಿಯ ಅಧ್ಯಕ್ಷನೂ ಆಗಬೇಕೆಂಬ ಧೋರಣೆ ಬಲಗೊಂಡು, ಆ ಬಾಗಿಲೂ ಅರ್ಧ ಮುಚ್ಚಿದೆ. ಆದುದರಿಂದ ಅಲ್ಲಿಯ ಅಧಿಕಾರಿ ಉತ್ತರ ಹೇಳಬೇಕಾದುದು ಮೇಲಿನವರಿಗೆ. ಕೆಳಗಿನವರ ದೂರನ್ನು ಮೇಲಿನವರು ಕೇಳಬಯಸಿದಾಗ ಮಾತ್ರ ಅದಕ್ಕೆ ಬೆಲೆ.

ಮೇಲಿನವರು ಕೇಳಬಯಸದಿದ್ದಾಗ ಏನಾಗುತ್ತದೆಂಬುದಕ್ಕೆ ಜಗತ್ತೇ ಸಾಕ್ಷಿಯಾಗಿದೆ. 2019ರ ಕೊನೆಯಲ್ಲಿ ವೂಹಾನ್ ನಗರದಲ್ಲಿ ಹೊಸ ಜ್ವರ ಕಾಣಿಸಿಕೊಂಡಾಗ ಎಚ್ಚರಿಕೆಯ ಮಾತನಾಡಿದ ವೈದ್ಯರನ್ನೇ ಪೊಲೀಸರು ಕರೆಸಿ ಗದರಿಸಿದರು. 2020ರ ಜನವರಿಯಲ್ಲಿ ಆ ನಗರದ ಮೇಯರ್ ಝೌ ಷಿಯಾನ್‌ವಾಂಗ್ ದೂರದರ್ಶನದಲ್ಲಿಯೇ ಒಪ್ಪಿಕೊಂಡಂತೆ, ಸ್ಥಳೀಯ ಸರಕಾರಕ್ಕೆ ಮೇಲಿನ ಅನುಮತಿ ದೊರೆತ ಬಳಿಕವೇ ವಿಷಯವನ್ನು ಬಹಿರಂಗಪಡಿಸಲು ಸಾಧ್ಯವಿತ್ತು. ಒಂದು ಕೋಟಿಗೂ ಮಿಕ್ಕಿದ ಜನರಿರುವ ನಗರದ ಮೇಯರನಿಗೆ ತನ್ನೂರಿನ ಜನರಿಗೆ ರೋಗದ ಸುದ್ದಿ ಹೇಳುವ ಸ್ವಾತಂತ್ರ್ಯವಿರಲಿಲ್ಲ! ಶೀಘ್ರವಾಗಿ ಆಸ್ಪತ್ರೆ ಕಟ್ಟಿದುದನ್ನು ಹೊಗಳುವವರು ಇದನ್ನೂ ನೆನೆಯಬೇಕು.

ಇನ್ನು ನಮ್ಮ ಮನೆಯ ವಿಚಾರ. ಠಾಣೆ ಪಾಲಿಕೆ 1982ರಲ್ಲಿ, ಕಲ್ಯಾಣ ಪಾಲಿಕೆ 1983ರಲ್ಲಿ, ನವಿ ಮುಂಬಯಿ ಪಾಲಿಕೆ 1992ರಲ್ಲಿ ಸ್ಥಾಪನೆಯಾದವು. 1970ರಲ್ಲಿ ಹುಟ್ಟಿದ ಸಿಡ್ಕೊ ಸಂಸ್ಥೆ ನವಿ ಮುಂಬಯಿಯನ್ನು ಗೆರೆ ಎಳೆದು ಕಟ್ಟಿತು. ರಸ್ತೆಗಳು ಅಗಲವಾಗಿದ್ದವು, ಆದರೆ ಅಲ್ಲಿಯ ನಿವಾಸಿಗೆ ತನ್ನ ಪಾಲಿಕೆಗೆ ಮತ ಹಾಕುವ ಅವಕಾಶ ಸಿಕ್ಕಿದುದು 1995ರಲ್ಲಿಯೇ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಸ್ಪಷ್ಟವಾಗಿ ವಿಧಿಸಿದೆ: ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕು. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ಪ್ರಭಾಗ ಸಮಿತಿಗಳಿರಬೇಕು.

ನಡೆದದ್ದೇನು? ನವಿ ಮುಂಬಯಿ ಪಾಲಿಕೆಯ ಅವಧಿ 2020ರ ಮೇಯಲ್ಲಿ, ಕಲ್ಯಾಣ-ಡೊಂಬಿವಲಿಯದು ಅದೇ ವರ್ಷದ ನವೆಂಬರಿನಲ್ಲಿ, ಠಾಣೆಯದು 2022ರ ಮಾರ್ಚಿನಲ್ಲಿ ಮುಗಿಯಿತು. ಮೊದಲು ಕೋವಿಡ್ ಕಾರಣವಾಯಿತು. ಅನಂತರ ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ. ಆಮೇಲೆ ಪ್ರಭಾಗಗಳ ಗಡಿಯ ತಕರಾರು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಖಡಾಖಂಡಿತವಾಗಿ ಆಜ್ಞೆ ಮಾಡಿದ ಮೇಲೆ, ಅದಕ್ಕೂ ಮತ್ತಷ್ಟು ಗಡುವು ಪಡೆದು, ಅಂತೂ ಚುನಾವಣೆ ನಡೆಯಿತು. ನಡುವಿನ ಕಾಲದಲ್ಲಿ ಮೂರು ನಗರಗಳನ್ನೂ ಆಳಿದವರು ರಾಜ್ಯ ಸರಕಾರ ನೇಮಿಸಿದ ಆಡಳಿತಾಧಿಕಾರಿಗಳು. ನವಿ ಮುಂಬಯಿಯಲ್ಲಿ ಈ ಸ್ಥಿತಿ ಐದೂವರೆ ವರ್ಷ ಮೀರಿತು. ಎಂದರೆ ಒಂದು ಪೂರ್ಣ ಪಾಲಿಕೆಯ ಆಯುಸ್ಸೇ ಕಳೆದುಹೋಯಿತು.

ಆ ವರ್ಷಗಳಲ್ಲಿ ನಾವು ಚೀನದ ರೀತಿಯಲ್ಲಿಯೇ ಆಳಲ್ಪಟ್ಟೆವೆಂದರೆ ಅತಿಶಯೋಕ್ತಿಯಾಗದು. ಅಧಿಕಾರಿ ಮೇಲಿನಿಂದ ಬಂದ. ಮೇಲಿನವರಿಗೆ ಉತ್ತರ ಹೇಳಿದ. ಕೆಳಗಿನವರ ಮತವನ್ನು ಯಾರೂ ಕೇಳಲಿಲ್ಲ. ಚುನಾವಣೆಯ ಗಲಾಟೆ ಬೇಡವೆನ್ನುವವರ ಇಷ್ಟ ಹೀಗೆ ನೆರವೇರಿತ್ತು. ಹೊಂಡಗಳು ಮುಚ್ಚಿದವೇ? ನೀರಿನ ಟ್ಯಾಂಕರಿನ ಖರ್ಚು ತಪ್ಪಿತೇ? ವಾಚಕರೇ ತಮ್ಮ ಅನುಭವದಿಂದ ಉತ್ತರ ಹೇಳಲಿ. ಅಲ್ಲಿಯ ವ್ಯವಸ್ಥೆಯ ದೋಷ ನಮಗೆ ಬಂತೇ ಹೊರತು ಅಲ್ಲಿಯ ಹಣಬಲವಾಗಲಿ, ಕೆಲಸ ಮಾಡದ ಅಧಿಕಾರಿಗಿರುವ ಭಯವಾಗಲಿ ಬರಲಿಲ್ಲ.

ಹಾಗೆ ನೋಡಿದರೆ ಚುನಾಯಿತ ಸಭೆ ಇರುವಾಗಲೂ ನಮ್ಮ ಮೇಯರರ ಕೈ ಬಲವಾದುದಲ್ಲ. ನಗರಸೇವಕರು ಆರಿಸುವ ಮೇಯರಿಗೆ ಎರಡೂವರೆ ವರ್ಷದ ಗೌರವದ ಪೀಠ. ಕಾರ್ಯಾಂಗದ ಅಧಿಕಾರ ರಾಜ್ಯ ಸರಕಾರ ಕಳುಹಿಸಿದ ಆಯುಕ್ತರದು. ಹಿಂದೆ ಜಕಾತಿ ನಾಕೆಯಲ್ಲಿ ಪಾಲಿಕೆಯ ಸ್ವಂತ ಆದಾಯ ಕೂಡುತ್ತಿತ್ತು. ಜಕಾತಿ ಹೋಗಿ ಸ್ಥಳೀಯ ಸಂಸ್ಥಾ ತೆರಿಗೆ ಬಂತು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದ ಮೇಲೆ ಅದೂ ಹೋಗಿ, ರಾಜ್ಯ ಕೊಡುವ ಪರಿಹಾರಧನಕ್ಕೆ ಪಾಲಿಕೆಗಳು ಕೈಯೊಡ್ಡುವಂತಾಯಿತು. ಜಕಾತಿಯ ಕಿರುಕುಳ ತಪ್ಪಿದುದಕ್ಕೆ ಹೋಟೆಲಿನವರು ಸಂತೋಷಪಟ್ಟದ್ದು ನ್ಯಾಯವೇ. ಆದರೆ ಕೈಯೊಡ್ಡುವವನ ಸ್ವಾತಂತ್ರ್ಯ ಎಷ್ಟೆಂಬುದೂ ನಮಗೆ ಗೊತ್ತಿದ್ದದ್ದೇ.

ಕಲ್ಯಾಣ-ಡೊಂಬಿವಲಿಯ ಸುತ್ತಣ 27 ಹಳ್ಳಿಗಳ ಕಥೆ ಇನ್ನೂ ಬೋಧಪ್ರದವಾಗಿದೆ. 1983ರಲ್ಲಿ ಅವುಗಳನ್ನು ಪಾಲಿಕೆಗೆ ಸೇರಿಸಿದರು, 2002ರಲ್ಲಿ ಹೊರಹಾಕಿದರು, 2015ರಲ್ಲಿ ಮತ್ತೆ ಸೇರಿಸಿದರು, 2020ರಲ್ಲಿ ಅವುಗಳಲ್ಲಿ 18ನ್ನು ಪುನಃ ಹೊರಗಿಡಲು ಹೊರಟಾಗ ಮುಂಬಯಿ ಉಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇಂಥ ಅಪ್ಪಣೆಗಳು ಚೀನದಲ್ಲಿಯೂ ಹೊರಡುತ್ತವೆ. ಆದರೆ ಸರಕಾರದ ವಿರುದ್ಧ ನ್ಯಾಯಾಲಯಕ್ಕೆ ಹೋಗಿ ಗೆದ್ದುಬಂದುದು ಇಲ್ಲಿಯ ವಿಶೇಷ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ.

ಇದು ಮಹಾರಾಷ್ಟ್ರವೊಂದರ ರೋಗವೆಂದು ನಾವು ಬೀಗುವಂತಿಲ್ಲ. ಅಬ್ದುಲ್ ನಜೀರ್ ಸಾಹೇಬರ ಶ್ರಮದಿಂದ 1983ರ ಕಾನೂನನ್ನು ರೂಪಿಸಿ, 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳನ್ನು ಆರಿಸಿ ದೇಶಕ್ಕೇ ದಾರಿ ತೋರಿಸಿದ ಕರ್ನಾಟಕದಲ್ಲಿಯೇ, ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಬಳಿಕ ಐದು ವರ್ಷ ಕಳೆದರೂ ಚುನಾವಣೆಯಾಗಲಿಲ್ಲ. ಇದಕ್ಕೆ ಪ್ರತಿಯಾಗಿ, ನಮ್ಮ ಕಾಸರಗೋಡಿನ ಕನ್ನಡಿಗರು ಸೇರಿರುವ ಕೇರಳದಲ್ಲಿ 1995ರಿಂದೀಚೆಗೆ ಐದೈದು ವರ್ಷಕ್ಕೊಮ್ಮೆ ಸ್ಥಳೀಯ ಚುನಾವಣೆ ನಡೆದುಬಂದಿದೆ. 1996ರಲ್ಲಿ ಅಲ್ಲಿಯ ಎಡಪಕ್ಷಗಳ ಸರಕಾರ ಯೋಜನಾ ವೆಚ್ಚದ ಮೂರನೆಯ ಒಂದು ಪಾಲಿಗೂ ಹೆಚ್ಚನ್ನು ಪಂಚಾಯತಿ ನಗರಸಭೆಗಳಿಗೆ ಬಿಟ್ಟುಕೊಟ್ಟಿತು. ಅದೇ ಎಡಪಕ್ಷಗಳು 2025ರ ಡಿಸೆಂಬರಿನಲ್ಲಿ ತಿರುವನಂತಪುರ ಪಾಲಿಕೆಯನ್ನು ಸೋತು, ಪೀಠ ಬಿಟ್ಟು ಎದ್ದವು. ಕೆಂಪು ಬಾವುಟವೊಂದೇ, ಬೀಜಿಂಗಿನಲ್ಲಿ ಅದನ್ನು ಇಳಿಸುವ ದಾರಿಯಿಲ್ಲ, ತಿರುವನಂತಪುರದಲ್ಲಿದೆ. ಸಿದ್ಧಾಂತಕ್ಕಿಂತ ದೊಡ್ಡದು ಈ ದಾರಿ.

ಈಗ ನಮ್ಮ ವಾಚಕರಿಗೆ ಎಲ್ಲಕ್ಕಿಂತ ಹತ್ತಿರದ ಮಾತಿಗೆ ಬರುತ್ತೇವೆ. ಚೀನದಲ್ಲಿಯೂ ನಮ್ಮಂತೆ ಊರು ಬಿಟ್ಟು ಬಂದವರು ಕೋಟಿಗಟ್ಟಲೆ ಇದ್ದಾರೆ. ನಗರಗಳ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರೂ, ಕಟ್ಟಡ ಕಟ್ಟುವವರೂ ಅವರೇ. 1958ರ ನಿಯಮದಂತೆ ಅಲ್ಲಿ ಪ್ರತಿಯೊಬ್ಬನ ಹೆಸರೂ ‘ಹುಕೌ’ ಎಂಬ ದಾಖಲೆಯಲ್ಲಿ ಹುಟ್ಟೂರಿಗೆ ಕಟ್ಟಿಬಿದ್ದಿದೆ. ಸಣ್ಣ ನಗರಗಳಲ್ಲಿ ಈ ಕಟ್ಟು ಈಚೆಗೆ ಸಡಿಲಗೊಂಡಿದ್ದರೂ ಬೀಜಿಂಗ್, ಶಾಂಘೈಗಳಲ್ಲಿ ಬಿಗಿಯಾಗಿಯೇ ಇದೆ. ಇಪ್ಪತ್ತು ವರ್ಷ ದುಡಿದರೂ ಅಲ್ಲಿ ಅವನು ಪರಸ್ಥಳದವನು; ಮಗುವನ್ನು ಸರಕಾರಿ ಶಾಲೆಗೆ ಸೇರಿಸುವುದಕ್ಕೂ ತೊಡಕು; ಮತದ ಹಕ್ಕು ಸಾಮಾನ್ಯವಾಗಿ ಹುಟ್ಟೂರಿನಲ್ಲಿಯೇ.

ನಮ್ಮಲ್ಲಿ ಹಾಗಿಲ್ಲ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನ ಕೊಟ್ಟಿದೆ. ಎಲ್ಲಿ ಸಾಮಾನ್ಯವಾಗಿ ವಾಸಿಸುತ್ತೇವೆಯೋ ಅಲ್ಲಿ ಮತದಾರರಾಗಬಹುದೆಂದು 1950ರ ಜನಪ್ರಾತಿನಿಧ್ಯ ಕಾನೂನು ಹೇಳುತ್ತದೆ. ಹೆಬ್ರಿಯಿಂದ ಬಂದ ಮಾಣಿಯ ಮತಕ್ಕೂ ಠಾಣೆಯಲ್ಲಿಯೇ ಹುಟ್ಟಿಬೆಳೆದ ಧನಿಕನ ಮತಕ್ಕೂ ತೂಕ ಒಂದೇ. ಮತದಾರನಾದವನು ನಗರಸೇವಕನ ಸ್ಥಾನಕ್ಕೂ ನಿಲ್ಲಬಹುದು; ಭಾಷೆ ಅಡ್ಡ ಬರುವುದಿಲ್ಲ. ಚೀನದ ವಲಸೆ ಕೂಲಿಗೆ ಎಟುಕದ ಹಣ್ಣು ನಮ್ಮ ಅಂಗೈಯಲ್ಲಿಯೇ ಇದೆ.

ಆದರೆ ನಾವು ಮಾಡುತ್ತಿರುವುದೇನು? ಹೋಟೆಲಿನ ಮಾಳಿಗೆಯಲ್ಲಿ ಮಲಗಿ ವರ್ಷದ ಹನ್ನೊಂದು ತಿಂಗಳು ಇಲ್ಲಿ ದುಡಿಯುವವನ ಹೆಸರು ಈಗಲೂ ಊರಿನ ಪಟ್ಟಿಯಲ್ಲಿರುತ್ತದೆ. ಮತದಾನದ ದಿನ ಊರಿಗೂ ಹೋಗಲಾರ, ಇಲ್ಲಿಯೂ ಹಾಕಲಾರ. ಚೀನ ಸರಕಾರ ಕಾನೂನಿನಿಂದ ಮಾಡಿದುದನ್ನು ನಾವು ಉದಾಸೀನದಿಂದ ನಮಗೆ ನಾವೇ ಮಾಡಿಕೊಂಡಿದ್ದೇವೆ. ಊರಿನ ಪಟ್ಟಿಯಿಂದ ಹೆಸರು ತೆಗೆಸುವುದು ಕರುಳಬಳ್ಳಿ ಕಡಿದಂತೆ ಎನ್ನುವವರ ಸಂಕಟ ನಮಗೆ ತಿಳಿಯದುದಲ್ಲ. ಎರಡು ಕಡೆ ಹೆಸರಿರಕೂಡದೆಂಬುದು ಕಾನೂನು, ಆದುದರಿಂದ ಆರಿಸಲೇಬೇಕು. ಮನೆ, ದೈವ, ನಾಗಬನ ಊರಿನಲ್ಲಿಯೇ ಇರಲಿ. ಕುಡಿಯುವ ನೀರು ಯಾವ ನಲ್ಲಿಯದೋ ಮತವೂ ಅಲ್ಲಿಯದಾಗಲಿ.

ಮತಪೆಟ್ಟಿಗೆ ಇದ್ದ ಮಾತ್ರಕ್ಕೆ ಆಯ್ಕೆ ಇದ್ದಂತಾಗುವುದಿಲ್ಲವೆಂಬುದನ್ನೂ ಮರೆಯಬಾರದು. ಹಿಂದಿನ ಸೋವಿಯೆತ್ ಒಕ್ಕೂಟದಲ್ಲಿ ಊರ ಸೋವಿಯೆತ್ತಿಗೆ ಮತಪತ್ರವಿತ್ತು, ಅದರಲ್ಲಿ ಹೆಸರು ಮಾತ್ರ ಒಂದೇ. ಈ ಸಲ ಕಲ್ಯಾಣ-ಡೊಂಬಿವಲಿಯಲ್ಲಿ ಮತದಾನಕ್ಕೆ ಮುನ್ನವೇ ಹಲವು ಸ್ಥಾನಗಳು ಅವಿರೋಧವಾಗಿ ತುಂಬಿದವು. ಕಾರಣ ಏನೇ ಇರಲಿ, ಆ ಸ್ಥಾನಗಳಿಗೆ ಅಲ್ಲಿಯ ಮತದಾರನ ಮಾತು ಬೇಕಾಗಲಿಲ್ಲ. ಒಂದೊಂದು ಪ್ರಭಾಗಕ್ಕೆ ನಾಲ್ವರು ಸದಸ್ಯರನ್ನು ಆರಿಸುವ ಪದ್ಧತಿಯಿಂದ ದೂರು ಯಾರಿಗೆ ಹೇಳಬೇಕೆಂಬ ಗೊಂದಲವೂ ಸೇರಿದೆ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರು ನಾಲ್ವರಾದರೆ, ಒಬ್ಬನು ಇನ್ನೊಬ್ಬನ ಕಡೆ ಬೆರಳು ತೋರಿಸುವುದು ಸುಲಭ.

ಆದುದರಿಂದ ನಮ್ಮ ಸಲಹೆ ಇಷ್ಟೇ. ಇಲ್ಲಿಯೇ ವಾಸವಿರುವ ಪ್ರತಿಯೊಬ್ಬರೂ, ಎಲ್ಲಿಯೂ ಹೆಸರಿಲ್ಲದಿದ್ದರೆ 6ನೆಯ ನಮೂನೆಯನ್ನೂ, ಊರಿನ ಪಟ್ಟಿಯಿಂದ ಇಲ್ಲಿಗೆ ಬದಲಾಯಿಸಿಕೊಳ್ಳುವವರು 8ನೆಯ ನಮೂನೆಯನ್ನೂ ತುಂಬಬೇಕು. ಹೋಟೆಲಿನ ಧನಿಗಳು ತಮ್ಮ ಕೆಲಸಗಾರರಿಗೆ ಇದಕ್ಕಾಗಿ ಅರ್ಧ ದಿನದ ಬಿಡುವನ್ನೂ ವಾಸಸ್ಥಳದ ಚೀಟಿಯನ್ನೂ ಕೊಡಲಿ. ನಮ್ಮ ಕನ್ನಡ ಸಂಘಗಳು ಯಕ್ಷಗಾನದ ಚಪ್ಪರದಲ್ಲಿಯೇ ಒಂದು ಮೇಜು ಹಾಕಿ, ಬರೆಯಲು ಬಾರದವರಿಗೆ ಬರೆದುಕೊಡಲಿ. ಗೆದ್ದ ನಗರಸೇವಕರನ್ನು ವರ್ಷಕ್ಕೊಮ್ಮೆ ಹಾರ ಹಾಕುವುದಕ್ಕೆ ಮಾತ್ರ ಕರೆಯದೆ, ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುವುದಕ್ಕೆ ಕರೆಯಲಿ. ಪ್ರಭಾಗ ಸಮಿತಿಯ ಸಭೆ ಎಂದು, ಎಲ್ಲಿ ಎಂದು ವಿಚಾರಿಸಲಿ. ಐದು ವರ್ಷ ಮುಗಿಯುತ್ತಲೇ ಚುನಾವಣೆ ಬೇಕೆಂಬ ಕೂಗು ಅವಧಿ ಮುಗಿಯುವ ಮುನ್ನವೇ ಏಳಲಿ.

ಒಳ್ಳೆಯ ಧಣಿ ಸಿಕ್ಕಿದರೆ ಊಟ ಚೆನ್ನಾಗಿ ಸಿಗಬಹುದು. ಆದರೆ ಧಣಿಯನ್ನು ಆರಿಸುವ ಹಕ್ಕು ನಮ್ಮದಲ್ಲದಿದ್ದರೆ, ಊಟ ಕೆಟ್ಟ ದಿನ ಯಾರನ್ನು ಕೇಳುವುದು? ಕಮ್ಯುನಿಸ್ಟ್ ರಾಜ್ಯದ ಪಾಲಿಕೆಗೂ ನಮ್ಮದಕ್ಕೂ ಇರುವ ವ್ಯತ್ಯಾಸ ಈ ಪ್ರಶ್ನೆಯಲ್ಲಿದೆ. ಆ ವ್ಯತ್ಯಾಸವನ್ನು ಐದು ವರ್ಷ ಕಾಲ ಸರಕಾರ ಅಳಿಸಿಹಾಕಿತ್ತು. ಮುಂದಿನ ಐದು ವರ್ಷ ನಾವೇ ಅದನ್ನು ಅಳಿಸಿಹಾಕದಿರೋಣ.