ಓದಿದ್ದು, ಅನ್ನಿಸಿದ್ದು

ಗೆಳತಿಯರೇ, ನಮ್ಮ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಪುಸ್ತಕ ಓದುತ್ತೇವೆ. ಈಚೆಗೆ ಓದಿದ ಮೂರರ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಪ್ರಶಸ್ತಿ ಹಾಗಿರಲಿ, ‘ಎದೆಯ ಹಣತೆ’ ಕಥೆ ಓದಿ. ಗಂಡನಿಂದ ನೊಂದ ಮೆಹರುನ್ ತವರಿಗೆ ಬಂದರೆ, ಅಣ್ಣತಮ್ಮಂದಿರು ಮರ್ಯಾದೆಯ ಮಾತಾಡಿ ವಾಪಸು ಬಿಟ್ಟುಬರುತ್ತಾರೆ. ಸೀಮೆಎಣ್ಣೆ ಸುರಿದುಕೊಂಡ ಅವಳನ್ನು ತಡೆಯುವವಳು ಮಗಳು. ಓದಿ ಮುಗಿಸಿದಾಗ ಯಾರೂ ಮಾತಾಡಲಿಲ್ಲ. “ಹೊಂದಿಕೊಂಡು ಹೋಗು” ಎಂದು ಮಗಳನ್ನು ಕಳಿಸಿದವರು ನಮ್ಮಲ್ಲೂ ಇದ್ದಾರೆ. ನಾನೂ ಒಬ್ಬಳು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ಮನೆ ಗಂಡಸರ ತಪ್ಪು ಮುಚ್ಚಲು ಹೆಂಗಸರೇ ಬಾಯಿ ಮಾಡುತ್ತಾರೆ. ಪ್ರಶ್ನೆ ಕೇಳಿದ ಸೊಸೆ ಅನಿತಾ ಏನಾದಳೆಂದು ಲೇಖಕರು ಬಿಡಿಸಿ ಹೇಳುವುದಿಲ್ಲ. ನನಗೆ ಸಿಟ್ಟು ಬಂತು. ಆಮೇಲೆ ತಿಳಿಯಿತು: ಸುಮ್ಮನಿದ್ದ ಗಂಡನೂ ತಪ್ಪಿತಸ್ಥನೇ.

ಮೂರನೆಯದು ಒಂದು ಕಾನೂನು ಕೈಪಿಡಿ. ಓದಿ ಬೇಸರವಾಯಿತು. ಭಾಷೆ ಪೂರಾ ಕೋರ್ಟಿನದು. ಗಂಡನ ಮನೆಯವರ ಕ್ರೌರ್ಯಕ್ಕೆ ಇನ್ನೂ 498ಎ ಎಂದೇ ಇದೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಆದರೂ ಒಂದು ಪುಟಕ್ಕಾಗಿ ಅದನ್ನು ಇಟ್ಟುಕೊಂಡಿದ್ದೇನೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು. ಮನೆ ಯಾರ ಹೆಸರಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು, ರಕ್ಷಣೆ, ಖರ್ಚಿಗೆ ಹಣ ಕೇಳಬಹುದು.

ಮೆಹರುನ್‌ಗೆ ಇದನ್ನು ಯಾರೂ ಹೇಳಲಿಲ್ಲ. ನನ್ನ ಮಗಳಿಗೆ ನಾನೂ ಹೇಳಿರಲಿಲ್ಲ. ನಿಮ್ಮ ಸಂಘದಲ್ಲಿ ಆ ಕಥೆ, ಈ ಪುಟ ಎರಡನ್ನೂ ಒಟ್ಟಿಗೆ ಓದಿ.