ಸೋಮವಾರದ ಹೊಟ್ಟೆನೋವು



ಬಿ.ದುರ್ಗದ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ: "ಅಕ್ಕಾ, ನನ್ನ ಮಗನಿಗೆ ಹನ್ನೊಂದು ವರ್ಷ. ಊರ ಶಾಲೆ ಬಿಡಿಸಿ ಈ ವರ್ಷ ಇಂಗ್ಲಿಷ್ ಮೀಡಿಯಂಗೆ ಹಾಕಿದೆವು. ಸೋಮವಾರ ಬೆಳಿಗ್ಗೆ ಬಸ್ಸಿನ ಹಾರನ್ ಕೇಳಿದರೆ ಸಾಕು, ಹೊಟ್ಟೆ ಹಿಡಿದುಕೊಂಡು ಕೂತುಬಿಡ್ತಾನೆ. ಭಾನುವಾರ ಏನೂ ಇಲ್ಲ. ಡಾಕ್ಟರು ಎಲ್ಲಾ ನೋಡಿ, ಕಾಯಿಲೆ ಇಲ್ಲ, ಮನಶ್ಶಾಸ್ತ್ರ ತಿಳಿದವರಿಗೆ ತೋರಿಸಿ ಅಂದರು. ಯಜಮಾನರು ಕಳ್ಳಾಟ ಅಂತ ಬಾರಿಸ್ತಾರೆ. ಅತ್ತೆ ದೃಷ್ಟಿ ತೆಗೀತಾರೆ. ನನ್ನ ಮಗನಿಗೇನು ಹುಚ್ಚಾ ಅಕ್ಕಾ?"

ಇಲ್ಲಮ್ಮಾ, ಖಂಡಿತ ಇಲ್ಲ. ಮೊದಲು ಆ ಬಾರಿಸುವುದನ್ನು ನಿಲ್ಲಿಸಿ. ದೃಷ್ಟಿ ತೆಗೆಯುವುದರಿಂದ ತೊಂದರೆಯೇನಿಲ್ಲ, ಅಜ್ಜಿಯ ಸಮಾಧಾನಕ್ಕೆ ಇರಲಿ.

ಮನಶ್ಶಾಸ್ತ್ರ ಎಂದೊಡನೆ ನಮಗೆ ಹುಚ್ಚಾಸ್ಪತ್ರೆಯೇ ಏಕೆ ನೆನಪಾಗಬೇಕೋ ಕಾಣೆ! ಮನುಷ್ಯ ಹೇಗೆ ಕಲಿಯುತ್ತಾನೆ, ಮರೆಯುತ್ತಾನೆ, ಹೆದರುತ್ತಾನೆ, ಏಕೆ ಹೀಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ನೋಡಿ, ಪರೀಕ್ಷಿಸಿ ತಿಳಿಯುವ ಶಾಸ್ತ್ರ ಅದು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಎಂಬುವರು 1879ರಲ್ಲಿ ಇದಕ್ಕೊಂದು ಪ್ರಯೋಗಶಾಲೆ ತೆರೆದರು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಷ್ಟು ಹಿಂದೆಯೇ ಈ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಪ್ರೊ. ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ' ಎಂಬ ರೇಡಿಯೋ ಕೇಂದ್ರ ತೆರೆದ ಮೇಷ್ಟ್ರೂ ಇವರೇ! 'ಕೊರವಂಜಿ' ಪತ್ರಿಕೆಯಲ್ಲಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಮನಸ್ಸನ್ನೇ ಕುರಿತ 'ಮನಮಂಥನ'ಕ್ಕೆ.

ಸರಿ, ಹುಡುಗನ ಹೊಟ್ಟೆಗೆ ಬರೋಣ. ಈ ಶಾಸ್ತ್ರದಲ್ಲಿ ಹಲವು ಪಂಥಗಳಿವೆ. ಒಂದೊಂದೂ ಒಂದೊಂದು ಪ್ರಶ್ನೆ ಕೇಳುತ್ತದೆ.

ದೇಹದ ಕಡೆಯಿಂದ ನೋಡುವವರು ಹೇಳುತ್ತಾರೆ: ಮಿದುಳಿಗೂ ಕರುಳಿಗೂ ನರಗಳ ಸಂಬಂಧವಿದೆ. ಭಯವಾದಾಗ ಹೊಟ್ಟೆ ನಿಜವಾಗಿಯೂ ಹಿಂಡುತ್ತದೆ. ಹೆಣ್ಣು ನೋಡಲು ಬರುವ ದಿನ ನಿಮಗೆ ಊಟ ಸೇರಿತ್ತೇ? ಹಾಗಾಗಿ ನೋವು ಸುಳ್ಳಲ್ಲ. ಯಜಮಾನರಿಗೆ ಇದೊಂದು ಮಾತನ್ನು ಎರಡು ಸಲ ಓದಿ ಹೇಳಿ.

ವರ್ತನಾವಾದಿಗಳ ದಾರಿ ಬೇರೆ. ರಷ್ಯದ ಪಾವ್ಲಾವ್ ನಾಯಿಗಳಿಗೆ ಊಟಕ್ಕೆ ಮುಂಚೆ ಒಂದು ಸದ್ದು ಕೇಳಿಸುತ್ತಿದ್ದರು. ಕ್ರಮೇಣ ಬರೀ ಸದ್ದಿಗೇ ನಾಯಿ ಜೊಲ್ಲು ಸುರಿಸತೊಡಗಿತು. ಅಲ್ಲಿ ಸದ್ದಿಗೆ ಊಟ ಅಂಟಿತು, ನಿಮ್ಮಲ್ಲಿ ಹಾರನ್ನಿಗೆ ಹೆದರಿಕೆ ಅಂಟಿದೆ. ಅಮೆರಿಕದ ಸ್ಕಿನ್ನರ್ ಆಗಿದ್ದರೆ, "ಮನೆಯಲ್ಲಿ ಉಳಿದ ದಿನ ಹುಡುಗನಿಗೆ ಏನು ಸಿಗುತ್ತೆ?" ಎಂದು ಕೇಳುತ್ತಿದ್ದರು. ನಿಮ್ಮ ಕಾಗದದಲ್ಲೇ ಉತ್ತರವಿದೆಯಲ್ಲ: ಟೀವಿ, ಮೊಬೈಲು, ಅಜ್ಜಿ ಮಾಡುವ ಮಂಡಕ್ಕಿ ಒಗ್ಗರಣೆ! ಅವನು ಲೆಕ್ಕ ಹಾಕಿ ಮಾಡುತ್ತಿಲ್ಲ. ಆದರೂ ಮನೆಯಲ್ಲಿ ಉಳಿಯುವ ಅಭ್ಯಾಸಕ್ಕೆ ಇದರಿಂದ ಗೊಬ್ಬರ ಬೀಳುತ್ತದೆ. ಉಳಿದ ದಿನ ಗಂಜಿ, ವಿಶ್ರಾಂತಿ, ಅಷ್ಟೇ ಇರಲಿ.

ಫ್ರಾಯ್ಡ್ ದಾರಿಯವರು ತನಗೇ ಹೇಳಿಕೊಳ್ಳಲಾಗದ್ದು ಒಳಗೆ ಏನು ಅಡಗಿದೆ ಎಂದು ಹುಡುಕುತ್ತಾರೆ. ಮಗುವಿನ ಯೋಚನೆಯ ಬಗೆಯೇ ದೊಡ್ಡವರದಕ್ಕಿಂತ ಬೇರೆ ಎಂದು ತೋರಿಸಿದವರು ಪಿಯಾಜೆ. ತಪ್ಪು ಒಪ್ಪು ಎಣಿಸದೆ ಪೂರ್ತಿ ಕೇಳಿಸಿಕೊಳ್ಳಿ ಎಂದವರು ಕಾರ್ಲ್ ರಾಜರ್ಸ್. ನನಗಂತೂ ತಾಯಂದಿರಿಗೆ ಈ ರಾಜರ್ಸ್ ಮಾತೇ ಹೆಚ್ಚು ಉಪಯೋಗ ಅನ್ನಿಸುತ್ತೆ. ಯಾವ ಒಂದು ಪಂಥವೂ ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ.

ಇನ್ನು ಯಾರ ಹತ್ತಿರ ಹೋಗಬೇಕು? ಮನೋವೈದ್ಯರು ಡಾಕ್ಟರಿಕೆ ಓದಿದವರು, ಔಷಧಿ ಬರೆಯುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಪರೀಕ್ಷೆ ಮತ್ತು ಮಾತುಕತೆಯಿಂದ ನೆರವಾಗುತ್ತಾರೆ. ಕಲಿಕೆಗೆ ಶೈಕ್ಷಣಿಕ, ಮಕ್ಕಳಿಗೆ ಬೆಳವಣಿಗೆಯ ಮನಶ್ಶಾಸ್ತ್ರ, ಹೀಗೆ ಶಾಖೆಗಳಿವೆ. ಅಷ್ಟು ದೂರ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಅದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆದರೆ ಜ್ವರ, ವಾಂತಿ, ತೂಕ ಇಳಿಯುವುದು, ರಾತ್ರಿ ನೋವಿಗೆ ಎಚ್ಚರವಾಗುವುದು ಕಂಡರೆ ತಡಮಾಡದೆ ಮತ್ತೆ ಡಾಕ್ಟರಿಗೇ ತೋರಿಸಬೇಕು.

ಇಷ್ಟನ್ನೂ ಆ ಸೋದರಿಗೆ ಮೊದಲೇ ಬರೆದು, "ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ, ಜೊತೆಗೆ ಏನಾದರೂ ಕೆಲಸ ಮಾಡುತ್ತಾ ಸುಮ್ಮನಿರಿ" ಎಂದಿದ್ದೆ. ಮೊನ್ನೆ ಉತ್ತರ ಬಂತು. ಅವರೆಕಾಯಿ ಸುಲಿಯುತ್ತಾ ಕೂತಾಗ ಹುಡುಗ ತಾನಾಗಿಯೇ ಅಂದನಂತೆ: "ಅಮ್ಮಾ, ಇಂಗ್ಲಿಷ್ ಪಾಠ ಎದ್ದು ನಿಂತು ಓದಬೇಕು. ನಾನು ಓದಿದರೆ ಎಲ್ಲಾ ನಗ್ತಾರೆ." ಊರ ಶಾಲೆಯಲ್ಲಿ ಅವನೇ ಮೊದಲನೆಯವನಾಗಿದ್ದನಂತೆ. ಅಪ್ಪ ಕೇಳಿಸಿಕೊಂಡು ಏನೂ ಅನ್ನಲಿಲ್ಲ. ಮರುದಿನ ತಾವೇ ಹೋಗಿ ಮೇಷ್ಟ್ರ ಹತ್ತಿರ ಮಾತಾಡಿ ಬಂದರಂತೆ. ಈಗ ಅವನು ಬೆಂಚಿನಲ್ಲಿ ಕೂತೇ ಎರಡು ಸಾಲು ಓದುತ್ತಾನೆ.

ಹೊಟ್ಟೆನೋವು ಪೂರ್ತಿ ನಿಂತಿಲ್ಲ. ಬುಧವಾರ ಮಾತ್ರ ಬರುತ್ತಂತೆ. ಅವತ್ತು ಇಂಗ್ಲಿಷ್ ಎರಡು ಪೀರಿಯಡ್.